ಕಷ್ಟದ ದಿನಗಳಲ್ಲಿ ದೇವರು ಒದಗಿಸುತ್ತಾನೆ ಅಂತ ನಂಬುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹೋದಾಗ, ಕಾಯಿಲೆಯ ಖರ್ಚು ಕೈಮೀರಿದಾಗ, ಮನೆ ನಡೆಸುತ್ತಿದ್ದವರೇ ತೀರಿಕೊಂಡಾಗ ವಿಶ್ವಾಸಿಗಳು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಜನ ಎಲ್ಲರೆದುರೇ ಕೇಳುತ್ತಾರೆ. ಇನ್ನು ಕೆಲವನ್ನು ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೆ, ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳುತ್ತಾರೆ. ಎರಡನೇ ಥರದವೇ ಇಲ್ಲಿ ಜಾಸ್ತಿ.

ದೇವರು ಒದಗಿಸುತ್ತಾನೆ ಅಂದರೆ ಕೇಳಿದ್ದೆಲ್ಲ ಸಿಗುತ್ತದೆ ಅಂತಾನಾ?

ಅಲ್ಲ. ಕರ್ತನ ಪ್ರಾರ್ಥನೆಯನ್ನೇ ನೋಡಿ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತ ಕೇಳಲು ಯೇಸು ಕಲಿಸಿದ. ಕೇಳುವುದು ಆಹಾರ, ಅದೂ ಈ ಹೊತ್ತಿನದು. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗಾಗಿ ಬರೆದ ಪ್ರಶ್ನೋತ್ತರದಲ್ಲಿ ಈ ಆಹಾರದ ಪಟ್ಟಿಯನ್ನು ಸ್ವಲ್ಪ ಉದ್ದ ಮಾಡಿದ. ಊಟ, ಬಟ್ಟೆ, ಮನೆಯ ಜೊತೆಗೆ ಒಳ್ಳೆಯ ಸರ್ಕಾರ, ಒಳ್ಳೆಯ ಹವೆ, ನಂಬಿಕಸ್ಥ ನೆರೆಹೊರೆ, ಎಲ್ಲವನ್ನೂ ಸೇರಿಸಿದ. ನೆರೆಹೊರೆಯವರನ್ನು ಸೇರಿಸಿದ್ದು ನನಗೆ ತುಂಬ ಇಷ್ಟ. ಯಾಕೆಂದರೆ ದೇವರು ಕೊಡುವುದು ಬಹುಪಾಲು ಯಾರದೋ ಕೈಯಿಂದಲೇ ನಮಗೆ ಮುಟ್ಟುತ್ತದೆ.

ಇನ್ನು ಎಲ್ಲರಿಗೂ ಬಾಯಿಪಾಠವಾಗಿರುವ ಫಿಲಿಪ್ಪಿ 4:19. ನನ್ನ ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನೂ ನೀಗಿಸುವನು ಅನ್ನುವ ವಾಕ್ಯ. ಇದನ್ನು ಅಪೊಸ್ತಲ ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ಸಹಾಯ ಕಳಿಸಿದ್ದರು. ಆ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಬಂದಿದ್ದ. ಆ ಸಹಾಯಕ್ಕೆ ಕೃತಜ್ಞತೆ ಹೇಳುವ ಪತ್ರದ ಕೊನೆಯ ಭಾಗದಲ್ಲಿ ಈ ಮಾತು ಬರುತ್ತದೆ. ಅದಕ್ಕೂ ಕೆಲವು ವಾಕ್ಯ ಮುಂಚೆ ಪೌಲ ತಾನು ಹೊಟ್ಟೆ ತುಂಬಿದವನಾಗಿಯೂ ಇದ್ದೇನೆ, ಹಸಿದವನಾಗಿಯೂ ಇದ್ದೇನೆ ಅನ್ನುತ್ತಾನೆ. ಈ ಭಾಗವನ್ನು ಬಿಟ್ಟು ಬರೀ 19ನೇ ವಾಕ್ಯವನ್ನು ಗೋಡೆಗೆ ತೂಗುಹಾಕಿದರೆ ಮುಂದೆ ನಿರಾಸೆ ಗ್ಯಾರಂಟಿ.

ಚಿಂತೆ ಮಾಡಬೇಡಿ ಅಂತ ಯೇಸು ಹೇಳಿದ್ದಾನೆ. ಆದರೆ ರಾತ್ರಿ ನಿದ್ದೆ ಬರಲ್ಲ. ಇದು ಪಾಪವಾ?

ಮತ್ತಾಯ 6ನೇ ಅಧ್ಯಾಯದ ಆ ಮಾತನ್ನು ಗದರಿಸುವ ದನಿಯಲ್ಲಿ ಓದುವುದು ನಮಗೆ ರೂಢಿಯಾಗಿಬಿಟ್ಟಿದೆ. ಯೇಸು ಅದನ್ನು ಹೇಳಿದ್ದು ನಾಳಿನ ಊಟದ ಬಗ್ಗೆ ನಿಜವಾಗಿಯೂ ಗೊತ್ತಿಲ್ಲದ ಜನರಿಗೆ. ಹಕ್ಕಿಗಳನ್ನು ನೋಡಿ, ಹೂವುಗಳನ್ನು ನೋಡಿ, ಇವೆಲ್ಲ ನಿಮಗೆ ಬೇಕು ಅಂತ ನಿಮ್ಮ ತಂದೆಗೆ ಗೊತ್ತು ಅಂದ. ಇದು ಹೆದರಿದವರಿಗೆ ಧೈರ್ಯ ಹೇಳುವ ಮಾತು. ನಾಳೆ ಕಷ್ಟವೇ ಇರುವುದಿಲ್ಲ ಅಂತಲೂ ಅವನು ಹೇಳಲಿಲ್ಲ. ಆ ದಿನದ ಕಾಟ ಆ ದಿನಕ್ಕೆ ಸಾಕು ಅಂದ. ಅಂದರೆ ಕಾಟ ಇರುತ್ತದೆ ಅಂತಲೇ ಲೆಕ್ಕ.

ನಿದ್ದೆ ಬಾರದ ರಾತ್ರಿಯಲ್ಲಿ ನಾಳೆಯಿಂದ ಮುಂದಿನ ವರ್ಷದವರೆಗಿನ ಲೆಕ್ಕವೆಲ್ಲ ಒಟ್ಟಿಗೆ ತಲೆಗೆ ಬರುತ್ತದೆ. ಒಂದು ಹಾಳೆ ತಗೊಂಡು ನಾಳೆ ಒಂದೇ ದಿನಕ್ಕೆ ಏನೇನು ಬೇಕು ಅಂತ ಬರೆಯಿರಿ. ಅದನ್ನು ಹೆಸರು ಹಿಡಿದು ಕೇಳಿ: ಬಸ್ ಚಾರ್ಜು, ಮಾತ್ರೆ, ಮಗುವಿನ ಹಾಲು. ಇಂಥ ಚಿಲ್ಲರೆ ವಿಷಯ ದೇವರ ಹತ್ತಿರ ಯಾಕೆ ಅನ್ನಿಸಬಹುದು. ದೊಡ್ಡ ದೊಡ್ಡ ಪದ ಹಾಕಿ ಮಾಡುವ ಪ್ರಾರ್ಥನೆಗಿಂತ ಇದೇ ಕರ್ತನ ಪ್ರಾರ್ಥನೆಗೆ ಹತ್ತಿರ.

ಒಂದೇ ಸಲ ಕೊಟ್ಟುಬಿಡಬಾರದಾ? ದಿನ ದಿನ ಯಾಕೆ ಕಾಯಿಸುತ್ತಾನೆ?

ಇಸ್ರಾಯೇಲ್ಯರಿಗೂ ಹೀಗೇ ಅನ್ನಿಸಿರಬೇಕು. ವಿಮೋಚನಕಾಂಡ 16ರಲ್ಲಿ ಮನ್ನದ, ಅಂದರೆ ಅರಣ್ಯದಲ್ಲಿ ದೇವರು ಅವರಿಗೆ ಕೊಟ್ಟ ಆಹಾರದ ಕಥೆ ಇದೆ. ತಲೆಗೆ ಒಂದು ಓಮೆರ್, ಅಂದರೆ ಹೆಚ್ಚುಕಡಿಮೆ ಎರಡು ಲೀಟರ್ ಅಳತೆ. ಬೆಳಿಗ್ಗೆ ಹೋಗಿ ಕೂಡಿಸಿಕೊಳ್ಳಬೇಕು, ಬಿಸಿಲೇರಿದರೆ ಕರಗಿ ಹೋಗುತ್ತದೆ. ಯಾವುದಕ್ಕೂ ಇರಲಿ ಅಂತ ಕೆಲವರು ಮರುದಿನಕ್ಕೆ ಎತ್ತಿಟ್ಟರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರುತ್ತಿತ್ತು. ಆರನೇ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಸಬ್ಬತ್ತಿಗೆ, ಅಂದರೆ ಏಳನೇ ದಿನದ ವಿಶ್ರಾಂತಿಗೆ ಇಟ್ಟುಕೊಂಡದ್ದು ಕೆಡುತ್ತಿರಲಿಲ್ಲ. ಹೀಗೆ 40 ವರ್ಷ.

ಇದು ಯಾಕೆ ಅನ್ನುವುದಕ್ಕೆ ಧರ್ಮೋಪದೇಶಕಾಂಡ 8ರಲ್ಲಿ ಉತ್ತರ ಇದೆ. ಮನುಷ್ಯ ರೊಟ್ಟಿಯಿಂದ ಮಾತ್ರ ಬದುಕುವುದಿಲ್ಲ ಅಂತ ಕಲಿಸಲು. ಒಪ್ಪಿಕೊಳ್ಳುತ್ತೇನೆ, ಹಸಿದವರಿಗೆ ಇದು ಸುಲಭದ ಪಾಠವಲ್ಲ. ಆದರೆ ಪಾಠ ಹೇಳುವಾಗಲೂ ದೇವರು ಊಟ ನಿಲ್ಲಿಸಿರಲಿಲ್ಲ ಅನ್ನುವುದನ್ನು ಗಮನಿಸಿ.

ಹಾಗಾದರೆ ಉಳಿತಾಯ ಮಾಡೋದು, ವಿಮೆ ಮಾಡಿಸೋದು ಅಪನಂಬಿಕೆಯಾ?

ಖಂಡಿತ ಅಲ್ಲ. ಯೋಸೇಫ ಐಗುಪ್ತದಲ್ಲಿ ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲಿ ಒಂದು ಪಾಲನ್ನು ಕಣಜಕ್ಕೆ ತುಂಬಿಸಿದ. ಮುಂದಿನ ಏಳು ವರ್ಷದ ಬರದಲ್ಲಿ ಜನ ಉಳಿದದ್ದು ಅದರಿಂದ. ಲೂಕ 12ರ ಐಶ್ವರ್ಯವಂತನೂ ಕಣಜ ಕಟ್ಟಲು ಹೊರಟ, ಅವನನ್ನು ದೇವರು ಬುದ್ಧಿಹೀನ ಅಂದ. ಅವನ ಮಾತನ್ನು ಓದಿ ನೋಡಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಬೇರೆ ಯಾರೂ ಅವನ ಲೆಕ್ಕದಲ್ಲೇ ಇಲ್ಲ. ಯೋಸೇಫನ ಕಣಜದ ಬಾಗಿಲು ಬರ ಬಂದಾಗ ಜನರಿಗಾಗಿ ತೆರೆಯಿತು.

ಕೆಲಸ ಹೋಗಿದೆ. ಪ್ರಾರ್ಥನೆ ಮಾಡುತ್ತಾ ಕಾಯಬೇಕಾ, ಹುಡುಕಬೇಕಾ?

ಎರಡೂ. ಗಂಡ ಸತ್ತು ಪರದೇಶಕ್ಕೆ ಬಂದ ರೂತಳು ಮನೆಯಲ್ಲಿ ಕೂತಿದ್ದರೆ ಬೋವಜನ ಹೊಲ ಸಿಗುತ್ತಿರಲಿಲ್ಲ. ಅವಳು ತೆನೆ ಆಯಲು ಹೊರಟಳು, ಆ ಹೊಲ ಅವನದಾಗಿತ್ತು. ಹಾಗೇ ಇನ್ನೊಂದು ಮಾತು. ಕೊಯ್ಯುವಾಗ ಹೊಲದ ಅಂಚು ಬಿಡಬೇಕು, ಬಿದ್ದ ತೆನೆ ಬಡವರಿಗೆ, ಪರದೇಶಿಗಳಿಗೆ ಅಂತ ಯಾಜಕಕಾಂಡ 19ರಲ್ಲಿ ಕಾನೂನೇ ಇತ್ತು. ಆದ್ದರಿಂದ ಸರ್ಕಾರದ ನೆರವು, ಸಂಸ್ಥೆಗಳ ಸಹಾಯಧನ ನಿಮಗೆ ಸಿಗುವಂತಿದ್ದರೆ ಅರ್ಜಿ ಹಾಕಿ. ಅದರಲ್ಲಿ ನಂಬಿಕೆಗೆ ಕುಂದೇನೂ ಇಲ್ಲ.

ದೇವರನ್ನು ನಂಬಿದವರು ಮನುಷ್ಯರ ಹತ್ತಿರ ಕೈಚಾಚಬಹುದಾ? ನಾಚಿಕೆ ಆಗುತ್ತದೆ.

ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಕೊಡೋಣ. ಕಷ್ಟಕ್ಕಿಂತ ಈ ನಾಚಿಕೆಯೇ ಜನರನ್ನು ಜಾಸ್ತಿ ಹಣ್ಣು ಮಾಡಿದ್ದನ್ನು ನೋಡಿದ್ದೇನೆ. ಮೊದಲು ಸಭೆಗೆ ಬರುವುದು ನಿಲ್ಲುತ್ತದೆ, ಆಮೇಲೆ ಫೋನ್ ಎತ್ತುವುದೂ ನಿಲ್ಲುತ್ತದೆ.

2 ಅರಸುಗಳು 4ರಲ್ಲಿ ಒಬ್ಬ ವಿಧವೆ ಇದ್ದಾಳೆ. ಗಂಡ ಪ್ರವಾದಿಗಳ ಗುಂಪಿನವನು, ದೇವಭಕ್ತ, ಆದರೂ ಸಾಲ ಬಿಟ್ಟು ಸತ್ತ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರಾಗಿ ಎಳೆದುಕೊಂಡು ಹೋಗಲು ಬಂದಿದ್ದಾನೆ. ಅವಳು ಪ್ರವಾದಿ ಎಲೀಷನ ಹತ್ತಿರ ಹೋಗಿ ಗೋಳಿಟ್ಟಳು. ಮನೆಯಲ್ಲಿ ಏನಿದೆ ಅಂತ ಅವನು ಕೇಳಿದ. ಒಂದು ಕುಡಿಕೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಅಂದಳು. ಆಗ ಅವನು ಹೇಳಿದ್ದು ಏನು ಗೊತ್ತಾ? ನೆರೆಮನೆಗಳಿಗೆ ಹೋಗಿ ಖಾಲಿ ಪಾತ್ರೆಗಳನ್ನು ಕೇಳಿ ತಗೊಂಡು ಬಾ, ಕಡಿಮೆ ತರಬೇಡ.

ಆ ಬೀದಿಯನ್ನು ಸ್ವಲ್ಪ ಯೋಚಿಸಿ. ಸಾಲದ ವಿಷಯ ಎಲ್ಲರಿಗೂ ಗೊತ್ತಿದ್ದಿರಬೇಕು. ಅವಳು ಮನೆ ಮನೆ ಬಾಗಿಲು ತಟ್ಟಿ ಪಾತ್ರೆ ಕೊಡಿ ಅನ್ನಬೇಕು. ಯಾಕೆ ಅಂತ ಕೇಳಿದರೆ ಹೇಳಲು ಅವಳ ಹತ್ತಿರ ಉತ್ತರವೂ ಇಲ್ಲ. ಆಮೇಲೆ ಬಾಗಿಲು ಮುಚ್ಚಿಕೊಂಡು, ಮಕ್ಕಳು ಒಂದೊಂದೇ ಪಾತ್ರೆ ತಂದುಕೊಡುತ್ತಿದ್ದ ಹಾಗೆ ಹೊಯ್ಯುತ್ತಾ ಹೋದಳು. ಇನ್ನೊಂದು ಪಾತ್ರೆ ಕೊಡು ಅಂದಾಗ ಮಗ, ಇನ್ನಿಲ್ಲ ಅಂದ. ಅಲ್ಲಿಗೆ ಎಣ್ಣೆ ನಿಂತಿತು. ಎಷ್ಟು ಮನೆಗಳಲ್ಲಿ ಕೇಳಿದ್ದಳೋ ಅಷ್ಟು ಎಣ್ಣೆ. ಅದ್ಭುತ ನಡೆದದ್ದು ಅಕ್ಕಪಕ್ಕದವರ ಪಾತ್ರೆಗಳಲ್ಲಿ.

ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಕೇಳಲಿಲ್ಲವಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ. 1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಮುಲ್ಲರ್ 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆ ತೆರೆದರು. 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 10,000ಕ್ಕೂ ಹೆಚ್ಚು ಮಕ್ಕಳು ಆ ಮನೆಗಳಲ್ಲಿ ಬೆಳೆದಿದ್ದರು. ದೇವರ ಹತ್ತಿರ ಬಿಟ್ಟು ಮನುಷ್ಯರ ಹತ್ತಿರ ಹಣ ಕೇಳಬಾರದು ಅನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ಅದನ್ನು ಎಲ್ಲ ವಿಶ್ವಾಸಿಗಳಿಗೂ ಕಾನೂನು ಮಾಡಬೇಕಾಗಿಲ್ಲ. ಅವರಿಗೂ ಹಣ ಆಕಾಶದಿಂದ ಬೀಳಲಿಲ್ಲ, ಜನರೇ ಕೊಟ್ಟರು. ಬಂದ ಕಾಣಿಕೆಗೆಲ್ಲ ಅವರು ಚೊಕ್ಕ ಲೆಕ್ಕ ಇಟ್ಟು ಪ್ರತಿವರ್ಷ ವರದಿ ಅಚ್ಚುಹಾಕಿಸುತ್ತಿದ್ದರು. ಈ ಕೊನೆಯ ಸಂಗತಿ ಸಭೆಯಲ್ಲಿ ಹೇಳುವ ಸಾಕ್ಷಿಗಳಲ್ಲಿ ಯಾಕೋ ಬರುವುದೇ ಇಲ್ಲ!

ಕೇಳುವಾಗ ನೇರವಾಗಿ ಕೇಳಿ. "ನನಗೋಸ್ಕರ ಪ್ರಾರ್ಥಿಸಿ" ಅಂತ ಮಾತ್ರ ಹೇಳಿದರೆ ಜನ ಪ್ರಾರ್ಥಿಸಿ ಮನೆಗೆ ಹೋಗುತ್ತಾರೆ, ಅವರ ತಪ್ಪಲ್ಲ. "ಈ ತಿಂಗಳ ಬಾಡಿಗೆಗೆ ಇಷ್ಟು ಕಮ್ಮಿ ಬಿದ್ದಿದೆ" ಅಂದರೆ ವಿಷಯ ಗೊತ್ತಾಗುತ್ತದೆ.

ಸಾಲ ಕುತ್ತಿಗೆಗೆ ಬಂದಿದೆ. ದೇವರು ತೀರಿಸುತ್ತಾನೆ ಅಂತ ಇನ್ನೊಂದು ಸಾಲ ಮಾಡಲಾ?

ಬೇಡ. ಮೇಲಿನ ವಿಧವೆಗೆ ಎಲೀಷ ಹೇಳಿದ ಕೊನೆಯ ಮಾತು: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿ. ಅದ್ಭುತ ಆದಮೇಲೂ ವ್ಯಾಪಾರ ಮಾಡಬೇಕಾಯಿತು, ಸಾಲ ಕೊಟ್ಟವನ ಲೆಕ್ಕ ಚುಕ್ತಾ ಮಾಡಬೇಕಾಯಿತು. ಎಲ್ಲ ಸಾಲವನ್ನೂ ಒಂದೇ ಕಡೆ ಬರೆದಿಡಿ, ಬಡ್ಡಿ ಸಮೇತ. ಮನೆಯವರಿಂದ ಮುಚ್ಚಿಡಬೇಡಿ. ಗಡುವು ಮುಗಿಯುವ ಮೊದಲೇ ಸಾಲ ಕೊಟ್ಟವರ ಹತ್ತಿರ ಮಾತಾಡಿ. ಲೆಕ್ಕ ಗೊತ್ತಿರುವ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ನಾನು ಮಾಡಿದ ಪಾಪಕ್ಕೆ ಇದು ಶಿಕ್ಷೆಯಾ?

ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಸ್ನೇಹಿತರು ಪುಟಗಟ್ಟಲೆ ಹೇಳಿದ್ದು ಇದನ್ನೇ. ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ಯೋಹಾನ 9ರಲ್ಲಿ ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ, ಪಾಪ ಇವನದಾ, ಇವನ ತಂದೆತಾಯಿಯದಾ ಅಂತ ಕೇಳಿದರು. ಯೇಸು ಎರಡೂ ಅಲ್ಲ ಅಂದ. ಜೂಜು, ಕುಡಿತದಂಥ ಕಾರಣದಿಂದ ಕಷ್ಟ ಬಂದಿದ್ದರೆ ಅದು ನಿಮಗೇ ಗೊತ್ತಿರುತ್ತದೆ. ಅಲ್ಲಿಯೂ ದಾರಿ ಇದೆ: ತಪ್ಪೊಪ್ಪಿಕೊಂಡು, ಸಹಾಯ ತಗೊಂಡು ತಿರುಗಿಕೊಳ್ಳುವುದು. ಆದರೆ ಕಾರಣ ಗೊತ್ತಿಲ್ಲದ ಕಷ್ಟಕ್ಕೆ ಸುಮ್ನೆ ಹಳೆಯದನ್ನೆಲ್ಲ ಕೆದಕಿ ಒಂದು ಪಾಪ ಹುಡುಕಿ ಅಂಟಿಸಬೇಡಿ.

ದಶಮಾಂಶ ಕೊಡದ್ದಕ್ಕೆ ಹೀಗಾಯಿತು, ಈಗ ನಂಬಿಕೆಯಿಂದ ಕಾಣಿಕೆ ಕೊಟ್ಟರೆ ನೂರರಷ್ಟು ಬರುತ್ತದೆ ಅನ್ನುತ್ತಾರೆ. ನಿಜವಾ?

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಸಿದ ಮನೆಯಿಂದ ಈ ಮಾತು ಹೇಳಿ ಹಣ ಎತ್ತುವುದು ಅನ್ಯಾಯ.

ದಶಮಾಂಶ ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು. ಅವರು ತೋರಿಸುವ ವಾಕ್ಯ ಮಲಾಕಿಯ 3:10. ದಶಮಾಂಶವನ್ನು ಬೊಕ್ಕಸಕ್ಕೆ ತನ್ನಿ, ಪರಲೋಕದ ದ್ವಾರಗಳನ್ನು ತೆರೆಯುವೆನೋ ಇಲ್ಲವೋ ನೋಡಿ ಅಂತ ಅಲ್ಲಿದೆ. ಅದೇ ದಶಮಾಂಶದ ಬಗ್ಗೆ ಧರ್ಮೋಪದೇಶಕಾಂಡ 14:28-29 ಏನನ್ನುತ್ತದೆ ಅಂತ ಕೇಳಿ ನೋಡಿ. ಮೂರನೇ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಡಬೇಕು. ಸ್ವಂತ ಭೂಮಿಯ ಪಾಲಿಲ್ಲದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಬಂದು ಹೊಟ್ಟೆ ತುಂಬ ಊಟ ಮಾಡಬೇಕು. ಅಂದರೆ ಮನೆಯಲ್ಲಿ ಹಿಟ್ಟಿಲ್ಲದ ಹೆಂಗಸು ದಶಮಾಂಶ ಕೊಡುವ ಸಾಲಿನಲ್ಲಿಲ್ಲ, ತೆಗೆದುಕೊಳ್ಳುವ ಸಾಲಿನಲ್ಲಿದ್ದಾಳೆ. ನಿಮ್ಮ ಮನೆ ಇವತ್ತು ಆ ಸ್ಥಿತಿಯಲ್ಲಿದ್ದರೆ ನಿಮ್ಮ ಜಾಗ ಅದೇ.

ಹಾಗಾದರೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆ? ಮಾರ್ಕ 12ರಲ್ಲಿ ಆ ಘಟನೆಗೆ ಮುಂಚಿನ ವಾಕ್ಯವನ್ನು ಬಹಳ ಜನ ಓದುವುದೇ ಇಲ್ಲ. ವಿಧವೆಯರ ಮನೆಗಳನ್ನು ನುಂಗಿ, ನಟನೆಗೆ ಉದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರವಾಗಿರಿ ಅಂತ ಯೇಸು ಅಲ್ಲಿ ಹೇಳಿದ. ಅದರ ಬೆನ್ನಿಗೇ ಈ ವಿಧವೆ ಬರುತ್ತಾಳೆ. ಅವಳ ಮನಸ್ಸನ್ನು ಯೇಸು ಮೆಚ್ಚಿದ. ಅವಳಿಗೆ ನೂರರಷ್ಟು ವಾಪಸ್ ಬರುತ್ತದೆ ಅಂತ ಹೇಳಲಿಲ್ಲ, ಬಡವರ ಕೊನೆಯ ಕಾಸನ್ನು ಕೇಳಿ ಪಡೆಯಿರಿ ಅಂತ ಶಿಷ್ಯರಿಗೂ ಹೇಳಲಿಲ್ಲ.

ಕೊಡಬೇಡಿ ಅನ್ನುತ್ತಿಲ್ಲ. ಪ್ರೀತಿಯಿಂದ ಕೊಡುವುದು ಬೇರೆ, ಹೆದರಿಕೆಯಿಂದ ಕೊಡುವುದು ಬೇರೆ. 2 ಕೊರಿಂಥ 9:7ರಲ್ಲಿ ಪೌಲ ದುಃಖದಿಂದಾಗಲಿ ಬಲವಂತದಿಂದಾಗಲಿ ಕೊಡಬಾರದು ಅಂದದ್ದು ಇದಕ್ಕೇ.

ಪ್ರಾರ್ಥಿಸಿದೆ, ಉಪವಾಸ ಮಾಡಿದೆ, ಏನೂ ಆಗಲಿಲ್ಲ. ದೇವರು ಕೊಡದೇ ಇದ್ದವರೂ ಇದ್ದಾರಲ್ಲ?

ಇದ್ದಾರೆ. ಇದಕ್ಕೆ ನುಣುಚಿಕೊಳ್ಳುವ ಉತ್ತರ ಕೊಡಬಾರದು. ಇಬ್ರಿಯ 11ರಲ್ಲಿ ಮೊದಲು ಗೆದ್ದವರ ಪಟ್ಟಿ ಬರುತ್ತದೆ. ಸಿಂಹಗಳ ಬಾಯಿ ಕಟ್ಟಿದವರು, ಬೆಂಕಿಯನ್ನು ಆರಿಸಿದವರು. 35ನೇ ವಾಕ್ಯದ ನಡುವೆ ಪಟ್ಟಿ ಹೊರಳುತ್ತದೆ. ಇನ್ನು ಕೆಲವರನ್ನು ಹಿಂಸಿಸಿದರು, ಕಲ್ಲೆಸೆದು ಕೊಂದರು. ಅವರು ಕುರಿ ಮೇಕೆಗಳ ಚರ್ಮ ಉಟ್ಟುಕೊಂಡು, ಗತಿಯಿಲ್ಲದೆ ಗುಹೆಗಳಲ್ಲಿ ಅಲೆದರು. ಇವರ ನಂಬಿಕೆ ಕಡಿಮೆಯಾಗಿತ್ತು ಅಂತ ಆ ಪತ್ರ ಹೇಳುವುದಿಲ್ಲ. ಇಬ್ಬರದೂ ಒಂದೇ ನಂಬಿಕೆ ಅನ್ನುತ್ತದೆ. ರೋಮಾಪುರ 8:35ರಲ್ಲಿ ಪೌಲ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದ ಸಂಗತಿಗಳನ್ನು ಎಣಿಸುವಾಗ ಹಸಿವನ್ನೂ ಬಟ್ಟೆಯಿಲ್ಲದಿರುವುದನ್ನೂ ಸೇರಿಸಿದ. ಅಂದರೆ ವಿಶ್ವಾಸಿಗೆ ಹಸಿವು ಬರಬಹುದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವೊಮ್ಮೆ ನಾವು ಕೇಳಿದ್ದು ಒಂದು, ಉಳಿಯುವುದು ಇನ್ನೊಂದು. ಅಪೊಸ್ತಲರ ಕೃತ್ಯಗಳು 27ರಲ್ಲಿ ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಹದಿನಾಲ್ಕನೇ ರಾತ್ರಿಯ ಹೊತ್ತಿಗೆ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಗಾಗುವ ಮುಂಚೆ ಪೌಲ ಎಲ್ಲರೆದುರು ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿನ್ನಲು ಶುರುಮಾಡಿದ. ಅದನ್ನು ನೋಡಿ ಉಳಿದವರೂ ತಿಂದರು. ಆಮೇಲೆ ಹಡಗು ಒಡೆದೇ ಹೋಯಿತು, ಸರಕೂ ಹೋಯಿತು. 276 ಜನ ಈಜಿಕೊಂಡು, ಹಲಗೆ ಹಿಡಿದುಕೊಂಡು ಮಾಲ್ಟಾದ ದಡ ಸೇರಿದರು. ಹಡಗಿನ ಮಾಲೀಕ ಇದನ್ನು ಉತ್ತರ ಅಂದುಕೊಂಡಿರಲಿಕ್ಕಿಲ್ಲ.

ಹಬಕ್ಕೂಕ 3:17-18 ಕೂಡ ಇಂಥದೇ ಜಾಗದಲ್ಲಿ ನಿಂತ ಮಾತು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಆನಂದಿಸುವೆನು ಅನ್ನುತ್ತಾನೆ. ಕೊಟ್ಟಿಗೆ ತುಂಬುತ್ತದೆ ಅಂತ ಅವನು ಎಲ್ಲೂ ಹೇಳಲಿಲ್ಲ. ಇದನ್ನು ಬೇರೆಯವರ ಕಷ್ಟಕ್ಕೆ ಔಷಧಿಯ ಹಾಗೆ ಬಳಸಬೇಡಿ. ಅವರವರೇ ಹೇಳಬೇಕಾದ ಮಾತು ಅದು, ಹೇಳಲು ಆದಾಗ.

ದೇವರ ಮೇಲೆ ಸಿಟ್ಟು ಬರುತ್ತದೆ. ಹೇಳಬಹುದಾ?

ಹೇಳಿ. ಕೀರ್ತನೆ 13 "ಎಷ್ಟರ ತನಕ" ಅಂತಲೇ ಶುರುವಾಗುತ್ತದೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ಸಿಟ್ಟನ್ನು ದೇವರ ಹತ್ತಿರವೇ ತಂದರೆ ಅದೂ ಪ್ರಾರ್ಥನೆಯೇ ಅಲ್ವಾ?

ಪ್ರಾರ್ಥನೆ ಮಾಡುವ ಶಕ್ತಿಯೇ ಇಲ್ಲ. ಬದುಕೇ ಬೇಡ ಅನ್ನಿಸುತ್ತದೆ.

ಪ್ರವಾದಿ ಎಲೀಯನಿಗೂ ಹೀಗಾಗಿತ್ತು. 1 ಅರಸುಗಳು 19ರಲ್ಲಿ ಅವನು ಮರದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದ. ದೇವದೂತ ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇದ್ದವು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ತಿನ್ನು ಅಂದ, ಮುಂದಿನ ದಾರಿ ದೂರ ಇದೆ ಅಂತ.

ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ. ಇವತ್ತೇ ಹತ್ತಿರದ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ವೈದ್ಯರ ಹತ್ತಿರ ಹೋಗಿ. ಪ್ರಾರ್ಥನೆಯನ್ನು ಸದ್ಯಕ್ಕೆ ಬೇರೆಯವರು ನಿಮ್ಮ ಪರವಾಗಿ ಮಾಡಲಿ.

ಕಷ್ಟದಲ್ಲಿರುವ ವಿಶ್ವಾಸಿಗೆ ನಾನು ಏನು ಹೇಳಬೇಕು?

ಕಡಿಮೆ ಹೇಳಿ. ಊಟ ಬಟ್ಟೆ ಇಲ್ಲದವರಿಗೆ ಸಮಾಧಾನದಿಂದ ಹೋಗಿ, ಬೆಚ್ಚಗಿರಿ ಅಂತ ಬಾಯಲ್ಲಿ ಹೇಳಿ ಏನೂ ಕೊಡದಿದ್ದರೆ ಏನು ಪ್ರಯೋಜನ ಅಂತ ಯಾಕೋಬ 2:15-16 ಕೇಳುತ್ತದೆ. "ಏನಾದರೂ ಬೇಕಿದ್ದರೆ ಹೇಳಿ" ಅನ್ನುವುದಕ್ಕಿಂತ "ಗುರುವಾರ ರಾತ್ರಿಯ ಊಟ ನಾನು ತರುತ್ತೇನೆ" ಅನ್ನುವುದು ಮೇಲು. ಆದಿಸಭೆಯವರು ಮಾಡಿದ್ದೂ ಹೀಗೇ. ಕ್ಲೌದ್ಯ ಚಕ್ರವರ್ತಿಯ ಕಾಲದ ಬರದ ಬಗ್ಗೆ ಅಗಬ ಅನ್ನುವ ಪ್ರವಾದಿ ಮುಂಚೆಯೇ ತಿಳಿಸಿದಾಗ, ಅಂತಿಯೋಕ್ಯದವರು ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಹಣ ಕೂಡಿಸಿ ಯೂದಾಯದ ಸಹೋದರರಿಗೆ ಕಳಿಸಿದರು. ಕೊಟ್ಟದ್ದನ್ನು ವೇದಿಕೆ ಮೇಲೆ ಹೇಳಬೇಡಿ. ಪಡೆದವರಿಂದ ಸಾಕ್ಷಿಯನ್ನೂ ಹೇಳಿಸಬೇಡಿ, ಅವರಿಗೇ ಹೇಳಬೇಕು ಅನ್ನಿಸದ ಹೊರತು.

ಮಕ್ಕಳಿಗೆ ಹೇಳಬೇಕಾ?

ವಯಸ್ಸಿಗೆ ತಕ್ಕಷ್ಟು ಹೇಳಿ. ಏನೋ ಆಗಿದೆ ಅಂತ ಅವರಿಗೆ ಗೊತ್ತಾಗಿಯೇ ಇರುತ್ತದೆ. ಆ ವಿಧವೆಯ ಮನೆಯಲ್ಲಿ ಪಾತ್ರೆ ಎತ್ತಿಕೊಟ್ಟವರು ಮಕ್ಕಳೇ. ಆದರೆ ದೇವರು ಖಂಡಿತ ಇಂಥದ್ದನ್ನು ಕೊಡುತ್ತಾನೆ ಅಂತ ದೇವರ ಪರವಾಗಿ ನೀವು ಮಾತು ಕೊಡಬೇಡಿ.

ಸತ್ಯವೇದದಲ್ಲಿ ಎಲ್ಲಿಂದ ಓದಲಿ?

1 ಅರಸುಗಳು 17ರಿಂದ ಶುರುಮಾಡಿ. ಚಿಕ್ಕ ಅಧ್ಯಾಯ. ಕೆರೀತ್ ಹಳ್ಳದ ಹತ್ತಿರ ಕಾಗೆಗಳು ಎಲೀಯನಿಗೆ ಬೆಳಿಗ್ಗೆ ಸಂಜೆ ರೊಟ್ಟಿ, ಮಾಂಸ ತರುತ್ತವೆ. ಆಮೇಲೆ ದೇವರೇ ಅವನನ್ನು ಕಳಿಸಿದ ಆ ಹಳ್ಳ ಬತ್ತುತ್ತದೆ. ಎಲೀಯ ಚಾರೆಪ್ತಕ್ಕೆ ಹೋಗಬೇಕಾಗುತ್ತದೆ, ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ ಬಿಟ್ಟರೆ ಏನೂ ಇಲ್ಲದ ಹೆಂಗಸಿನ ಮನೆಗೆ. ನಂತರ ಕೀರ್ತನೆ 13, ಕೀರ್ತನೆ 23, ಮತ್ತಾಯ 6ರ ಕೊನೆಯ ಭಾಗ, ಫಿಲಿಪ್ಪಿ 4. ದಿನಕ್ಕೊಂದು ಸಾಕು. ಜ್ಞಾನೋಕ್ತಿ 30:8-9 ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನಗೆ ಬೇಕಾದಷ್ಟು ಆಹಾರ ಕೊಡು ಅಂತ ಆಗೂರ ಅಲ್ಲಿ ಕೇಳುತ್ತಾನೆ. ಎರಡೇ ವಾಕ್ಯ, ಬಸ್ಸಿನಲ್ಲಿ ಕೂತೂ ಹೇಳಬಹುದು.